ಪರನಾಡಿನಿಂದ ಬಂದು ಮನೆಯವರಾದವರು

ದೇವಾಲಯವೊಂದಕ್ಕೆ ನೂರು ವರ್ಷ ತುಂಬಿತೆಂದರೆ ಅದು ಕಲ್ಲುಗಾರೆಯ ಕಟ್ಟಡಕ್ಕೆ ಸಂದ ವಯಸ್ಸು ಮಾತ್ರವಲ್ಲ. ಆ ಕಟ್ಟಡದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದ ನಾಲ್ಕೈದು ತಲೆಮಾರುಗಳ ಬಾಳಿಗೆ ಸಲ್ಲುವ ಗೌರವವೂ ಹೌದು. ಅಡಿಗಲ್ಲನ್ನಿಟ್ಟವರು, ಗಂಟೆಗೋಪುರವನ್ನು ಎತ್ತಿಸಿದವರು, ಒಬ್ಬರಾದ ಮೇಲೊಬ್ಬರು ಬಂದು ಸೇವೆ ಸಲ್ಲಿಸಿದ ವಿಚಾರಣಾ ಗುರುಗಳು, ಇವರೆಲ್ಲರ ಹೆಸರುಗಳು ಸ್ಮರಣ ಸಂಚಿಕೆಗಳಲ್ಲಿ ಕ್ರಮವಾಗಿ ಅಚ್ಚಾಗುತ್ತವೆ. ಅದು ಉಚಿತವೇ ಸರಿ. ಆದರೆ ಅಂಥ ಪಟ್ಟಿಗಳಲ್ಲಿ ಸಿಕ್ಕದ ಇನ್ನೊಂದು ಇತಿಹಾಸವುಂಟು. ದೂರದ ನಾಡಿನಿಂದ ಬಂದ ಗುರುಗಳು ಮೊದಲ ರಾತ್ರಿ ಏನನ್ನು ಉಂಡರು? ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡ್ರಲು ಅವರಿಗೆ ಎಷ್ಟು ದಿನ ಹಿಡಿಯಿತು? ಯಾರ ಬಾಯಿಂದ ಕನ್ನಡವನ್ನು ಕಲಿತರು? ಹೊಸ್ತಿಲು ದಾಟುವ ಮುನ್ನ ಕಾಲ್ಮರೆಯನ್ನು ಹೊರಗೆ ಬಿಡಬೇಕೆಂದು ಅವರಿಗೆ ಹೇಳಿಕೊಟ್ಟವರು ಯಾರು?

ಇವು ಸಣ್ಣ ಪ್ರಶ್ನೆಗಳೆಂದು ತೋರಬಹುದು. ಆದರೆ ಕನ್ನಡ ನಾಡಿನಲ್ಲಿ ಶುಭಸಂದೇಶವು ಬೇರು ಬಿಟ್ಟುದು ಪ್ರವಚನ ಪೀಠದಿಂದ ಎಷ್ಟೋ, ಇಂಥ ಸಣ್ಣ ಸಂಗತಿಗಳಿಂದಲೂ ಅಷ್ಟೇ. ಶತಮಾನೋತ್ಸವದ ಈ ಪುಣ್ಯಸಂದರ್ಭದಲ್ಲಿ ಆ ಇತಿಹಾಸವನ್ನು ಸಂಕ್ಷೇಪವಾಗಿ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಕಲಘಟಗಿಯ ಹೊಸ್ತಿಲಲ್ಲಿ

ಹುಬ್ಬಳ್ಳಿಯಿಂದ ಕಾರವಾರದತ್ತ ಹೊರಟ ಹೆದ್ದಾರಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರು ಸಾಗಿದರೆ ಕಲಘಟಗಿ ಸಿಕ್ಕುತ್ತದೆ. ಧಾರವಾಡ ಜಿಲ್ಲೆಯ ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಹೊಸ್ತಿಲು ಇದು. ಮೂಡಣಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿ. ಅಲ್ಲಿ ಜೋಳ, ಹತ್ತಿ, ಕಡಲೆ, ಮೆಣಸಿನಕಾಯಿ. ಪಡುವಣಕ್ಕೆ ಭತ್ತದ ಗದ್ದೆಗಳು, ಅವುಗಳಾಚೆ ಅಡವಿ. ರೊಟ್ಟಿಯುಣ್ಣುವವರೂ ಅನ್ನ ಉಣ್ಣುವವರೂ ಒಂದೇ ಸಂತೆಯಲ್ಲಿ ಕೂಡುವ ತಾಣವಿದು. ಬಣ್ಣದ ಮರದ ತೊಟ್ಟಿಲುಗಳಿಗೆ ಈ ಊರು ನಾಡಿನಲ್ಲೆಲ್ಲ ಹೆಸರಾಗಿದೆ.

ಇಂಥ ಸೀಮೆಗೆ ಬಂದ ಗುರುಗಳೆಲ್ಲರೂ ಯುರೋಪಿನವರೇ ಎಂದು ತಿಳಿಯಬಾರದು. 1886ರಲ್ಲಿ ಸ್ಥಾಪಿತವಾದ ಪುಣೆ ಧರ್ಮಕ್ಷೇತ್ರದ ಕಾಲದಲ್ಲಿ ಜರ್ಮನ್ ಯೇಸುಸಭೆಯ ಗುರುಗಳು ಈ ಭಾಗದ ಹೊಣೆಯನ್ನು ಹೊತ್ತಿದ್ದರು. ಅದೇ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದಿತು. ರೈಲಿನೊಡನೆ ಗೋವೆಯ, ತಮಿಳುನಾಡಿನ ಕಥೋಲಿಕ ಕುಟುಂಬಗಳೂ ಬಂದವು. 1953ರ ಸೆಪ್ಟೆಂಬರ್ 19ರಂದು ಗೋವಾ ಮಹಾಧರ್ಮಕ್ಷೇತ್ರ ಹಾಗೂ ಪುಣೆ ಧರ್ಮಕ್ಷೇತ್ರಗಳ ಭಾಗಗಳನ್ನು ಕೂಡಿಸಿ ಬೆಳಗಾವಿ ಧರ್ಮಕ್ಷೇತ್ರವನ್ನು ರಚಿಸಲಾಯಿತು. ಗೋವೆ, ಮಂಗಳೂರು, ಕೇರಳ, ತಮಿಳುನಾಡುಗಳಿಂದ ಗುರುಗಳೂ ಧರ್ಮಭಗಿನಿಯರೂ ಈ ಸೀಮೆಗೆ ಬಂದರು. ಕುಚ್ಚಿಗೆ ಅಕ್ಕಿಯ ಗಂಜಿ, ಮೀನುಸಾರುಗಳನ್ನುಂಡು ಬೆಳೆದ ಕರಾವಳಿಯವರಿಗೆ ಜೋಳದ ರೊಟ್ಟಿಯೂ ಪುಂಡಿಪಲ್ಯವೂ ಪರದೇಶದ ಊಟವೇ ಆಗಿತ್ತು. ಶಾಲೆಯಲ್ಲಿ ಗ್ರಂಥಭಾಷೆಯ ಕನ್ನಡವನ್ನು ಕಲಿತು ಬಂದವರಿಗೆ "ಯಾಕ್ರೀ ಅಪ್ಪಾರ, ಊಟ ಆತೇನ್ರೀ?" ಎಂಬ ಇಲ್ಲಿಯ ಮಾತು ಮೊದಲು ಕಿವಿಗೆ ಹತ್ತುತ್ತಿರಲಿಲ್ಲ. ಹೀಗೆ ಪರಕೀಯತೆಯೆಂಬುದು ಸಮುದ್ರದಾಚೆಯದು ಮಾತ್ರವಲ್ಲ; ಘಟ್ಟದಾಚೆಯದೂ ಹೌದು.

ಹೊಸ ನಾಡಿನ ನಡೆನುಡಿಗಳಿಗೆ ಹೊಂದಿಕೊಳ್ಳುವ ಈ ಸಾಧನೆ ಕನ್ನಡ ನಾಡಿನಲ್ಲಿ ಎಂದು ಮೊದಲಾಯಿತು? ಅದನ್ನರಿಯಲು ನಾವು ಹದಿನೇಳನೆಯ ಶತಮಾನಕ್ಕೆ ಹಿಂದಿರುಗಬೇಕು.

ಕಾವಿಯುಟ್ಟ ಗುರುಗಳು

ಇಟಲಿಯ ಶ್ರೀಮಂತ ಮನೆತನದಲ್ಲಿ 1577ರಲ್ಲಿ ಜನಿಸಿದ ಯೇಸುಸಭೆಯ ರೊಬೆರ್ತೊ ದೆ ನೊಬಿಲಿ 1605ರಲ್ಲಿ ಗೋವೆಗೆ ಬಂದು ಮರುವರ್ಷ ಮದುರೆಯನ್ನು ಸೇರಿದರು. ಅಂದು ಆ ಸೀಮೆಯ ಜನರ ದೃಷ್ಟಿಯಲ್ಲಿ ಕ್ರೈಸ್ತನೆಂದರೆ 'ಪರಂಗಿ'. ಪರಂಗಿಯೆಂದರೆ ಗೋಮಾಂಸ ತಿನ್ನುವವನು, ಮದ್ಯ ಕುಡಿಯುವವನು, ಸ್ನಾನವನ್ನರಿಯದವನು ಎಂಬ ಭಾವನೆ ಬಲವಾಗಿತ್ತು. ಕ್ರಿಸ್ತನನ್ನು ಸ್ವೀಕರಿಸಬೇಕಾದರೆ ಪೋರ್ತುಗೀಸನಾಗಲೇಬೇಕೆ ಎಂಬ ಪ್ರಶ್ನೆ ದೆ ನೊಬಿಲಿಯವರನ್ನು ಕಾಡಿತು. ಅವರು ಕರಿಯ ನಿಲುವಂಗಿಯನ್ನು ಕಳಚಿ ಕಾವಿಯನ್ನುಟ್ಟರು. ಚರ್ಮದ ಪಾದರಕ್ಷೆಯನ್ನು ತೊರೆದು ಹಾವುಗೆ ಮೆಟ್ಟಿದರು. ದಿನಕ್ಕೊಂದು ಹೊತ್ತು ಅನ್ನ, ಕಾಯಿಪಲ್ಯಗಳನ್ನುಂಡರು. ತಮಿಳು, ತೆಲುಗು, ಸಂಸ್ಕೃತಗಳನ್ನು ಶಿಷ್ಯವೃತ್ತಿಯಿಂದ ಕಲಿತರು. ಇದು ಧರ್ಮಕ್ಕೆ ಅಪಚಾರವೆಂದು ಗೋವೆಯಿಂದ ರೋಮಿನವರೆಗೆ ದೂರುಗಳು ಹೋದವು. ಕಡೆಗೆ 1623ರಲ್ಲಿ ಜಗದ್ಗುರು ಹದಿನೈದನೆಯ ಗ್ರೆಗೊರಿಯವರು ಈ ಪದ್ಧತಿಗೆ ಒಪ್ಪಿಗೆಯಿತ್ತರು. 1656ರಲ್ಲಿ ದೆ ನೊಬಿಲಿಯವರು ಮೈಲಾಪುರದಲ್ಲಿ ದೈವಾಧೀನರಾದರು.

ಇದೇ ದಾರಿಯನ್ನು ಹಿಡಿದು ಕನ್ನಡ ನಾಡಿಗೆ ಬಂದವರು ಯೇಸುಸಭೆಯ ಲಿಯೊನಾರ್ದೊ ಚಿನ್ನಮಿ. ಹದಿನೇಳನೆಯ ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ, ಅವರು ಶ್ರೀರಂಗಪಟ್ಟಣವನ್ನು ಸೇರಿ ಮೈಸೂರು ಮಿಶನ್ನಿಗೆ ಅಡಿಪಾಯ ಹಾಕಿದರು. ಅವರೂ ಸಂನ್ಯಾಸಿಯ ಉಡುಪನ್ನೂ ಆಹಾರ ನಿಯಮವನ್ನೂ ಕೈಕೊಂಡರು. ಕನ್ನಡದಲ್ಲಿ ಧರ್ಮೋಪದೇಶದ ಗ್ರಂಥವನ್ನೂ ಸಂತರ ಚರಿತ್ರೆಗಳನ್ನೂ ಬರೆದರು. ತಮ್ಮ ಹಿಂದೆ ಬರುವ ಗುರುಗಳಿಗೆಂದು ಕನ್ನಡದ ವ್ಯಾಕರಣವನ್ನೂ ಶಬ್ದಕೋಶವನ್ನೂ ಸಿದ್ಧಪಡಿಸಿದರು.

ಶಬ್ದಕೋಶವನ್ನು ಬರೆಯುವುದೆಂದರೇನೆಂದು ಒಂದು ಗಳಿಗೆ ಯೋಚಿಸಬೇಕು. ಪ್ರತಿಯೊಂದು ಶಬ್ದಕ್ಕಾಗಿಯೂ ಯಾರನ್ನಾದರೂ ಕೇಳಬೇಕು. ಇದಕ್ಕೇನೆನ್ನುತ್ತೀರಿ, ಅದಕ್ಕೇನೆನ್ನುತ್ತೀರಿ ಎಂದು ಅಡಿಗೆಯವನನ್ನು, ನೀರು ತರುವವಳನ್ನು, ಒಕ್ಕಲಿಗನನ್ನು, ಪಂಡಿತನನ್ನು ಬೆನ್ನುಹತ್ತಬೇಕು. ತಪ್ಪು ನುಡಿದಾಗ ಮಕ್ಕಳು ನಗುತ್ತಾರೆ. ಆ ನಗೆಯನ್ನು ಸಹಿಸಬೇಕು. ದೊಡ್ಡ ವಿದ್ಯಾಪೀಠಗಳಲ್ಲಿ ದೈವಶಾಸ್ತ್ರವನ್ನೋದಿ ಬಂದ ಪ್ರೌಢರು ಇಲ್ಲಿ ಕೂಸಿನಂತೆ ತೊದಲಬೇಕಾಯಿತು. ಉಪದೇಶಿಸಲು ಬಂದವರು ಮೊದಲು ಉಪದೇಶ ಪಡೆದರು. ಈ ವಿನಯವೇ ಅವರ ಕಾವಿಯ ನಿಜವಾದ ಬಣ್ಣ.

ನಮ್ಮ ಹಿರಿಯರ ಹೆಸರುಗಳಲ್ಲಿಯೂ ಅಂದಿನ ಗುರುಗಳ ದೃಷ್ಟಿಯ ಗುರುತು ಉಳಿದಿದೆ. ಪೌಲನೆಂಬ ಹೆಸರಿಗೆ ಲ್ಯಾಟಿನ್ ಭಾಷೆಯಲ್ಲಿ 'ಚಿಕ್ಕವನು' ಎಂದರ್ಥ. ತಮಿಳಿನ ಮೂಲಕ ಅದು 'ಚಿನ್ನಪ್ಪ'ನಾಯಿತು. ಯೊವಾನ್ನನೆಂದರೆ 'ದೇವರು ಕೃಪಾಳು' ಎಂದರ್ಥ. ಕೃಪೆಗೆ ತಮಿಳಿನಲ್ಲಿ 'ಅರುಳ್' ಎನ್ನುವುದರಿಂದ ಅದು 'ಅರುಳಪ್ಪ'ನಾಯಿತು. ಧ್ವನಿಯನ್ನು ಹೊತ್ತು ತಂದು ಹೇರದೆ ಅರ್ಥವನ್ನು ನೆಲದ ಮಾತಿನಲ್ಲಿ ಬಿತ್ತಿದ ಕ್ರಮವಿದು.

ಸಾತಹಳ್ಳಿಯ ದೊಡ್ಡಸ್ವಾಮಿ

1773ರಲ್ಲಿ ಯೇಸುಸಭೆಯು ರದ್ದಾಯಿತು. ಟಿಪ್ಪು ಸುಲ್ತಾನನ ಆಳಿಕೆಯಲ್ಲಿ ಕನ್ನಡ ನಾಡಿನ ಕ್ರೈಸ್ತರು ಬಹಳ ಕಷ್ಟಕ್ಕೀಡಾದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಚದುರಿದ ಮಂದೆಯನ್ನು ಮತ್ತೆ ಕೂಡಿಸಲು ಬಂದವರು ಪ್ಯಾರಿಸ್ ವಿದೇಶೀ ಮಿಶನ್ ಸಂಸ್ಥೆಯ ಅಬೆ ದ್ಯುಬುವಾ. ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಬಂದ ಈ ಮಹನೀಯರು ಮೂವತ್ತು ವರ್ಷಗಳಷ್ಟು ಕಾಲ ಇಲ್ಲಿಯೇ ಬಾಳಿದರು. ದೇಶೀಯರಂತೆ ಉಟ್ಟರು, ದೇಶೀಯರಂತೆ ಉಂಡರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ನಿರ್ಗತಿಕ ಕ್ರೈಸ್ತರನ್ನು ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಸಿಡುಬು ಹಳ್ಳಿಹಳ್ಳಿಗಳನ್ನೇ ಬರಿದು ಮಾಡುತ್ತಿದ್ದ ಕಾಲದಲ್ಲಿ, 1803-04ರ ಅವಧಿಯಲ್ಲಿ, ಅವರ ಮುಂದಾಳುತನದಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ ಜನರಿಗೆ ದೇವಿ ಹಾಕಲಾಯಿತೆಂದು ದಾಖಲೆಯುಂಟು. ಪರಕೀಯನ ಕೈಯ ಚುಚ್ಚುಮದ್ದಿಗೆ ತಮ್ಮ ಮಕ್ಕಳ ತೋಳನ್ನೊಡ್ಡಲು ತಾಯಂದಿರು ಒಪ್ಪಬೇಕಾದರೆ ಅವನು ಪರಕೀಯನಲ್ಲವೆಂಬ ನಂಬಿಕೆ ಹುಟ್ಟಿರಲೇಬೇಕು.

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ಅವರ ಹೆಸರಿನಲ್ಲಿರುವ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 1807ರಲ್ಲಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರ ಬಹುಭಾಗಕ್ಕೆ ಯೇಸುಸಭೆಯ ಹಿರಿಯ ಗುರು ಕೂರ್ದೂ ಅವರ ಬರಹಗಳೇ ಮೂಲವೆಂದು ಸಂಶೋಧಕಿ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಆ ಗ್ರಂಥದಲ್ಲಿ ನಮ್ಮ ಜನರ ವಿಷಯವಾಗಿ ಒರಟಾದ ತೀರ್ಪುಗಳೂ ಉಂಟು. 1823ರಲ್ಲಿ ದ್ಯುಬುವಾ ಅವರು ಭಾರತವನ್ನು ಬಿಟ್ಟರು. ಈ ನಾಡಿನಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವಿಲ್ಲವೆಂಬ ನಿರಾಶೆಯನ್ನು ಆ ವರ್ಷವೇ ಅಚ್ಚಾದ ತಮ್ಮ ಪತ್ರಗಳಲ್ಲಿ ತೋಡಿಕೊಂಡರು. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ಈ ಮಹನೀಯರ ಬಾಳು ನಮ್ಮನ್ನು ಚಿಂತನೆಗೆ ಹಚ್ಚುತ್ತದೆ. ಉಡುಪನ್ನೂ ಊಟವನ್ನೂ ಬದಲಿಸಿಕೊಂಡವರು ಮನಸ್ಸಿನೊಳಗೆ ದೂರವೇ ಉಳಿಯಬಹುದು. ಜನರ ಕಟ್ಟಳೆಗಳನ್ನು ಮೇಲೆಮೇಲೆ ಪಾಲಿಸಿ ಒಳಗೆ ಅವನ್ನು ಹೀನವೆಂದೆಣಿಸುವುದೂ ಸಾಧ್ಯ. ಆಗ ಕಾವಿಯು ವ್ರತವಾಗದೆ ವೇಷವಾಗುತ್ತದೆ. ಆದರೂ ಸಾತಹಳ್ಳಿಯ ಜನ ದೊಡ್ಡಸ್ವಾಮಿಯನ್ನು ನೆನೆದುದು ಗ್ರಂಥಕ್ಕಾಗಿಯಲ್ಲ. ನೇಗಿಲಿಗಾಗಿ, ಸಿಡುಬಿನಿಂದುಳಿದ ಮಕ್ಕಳಿಗಾಗಿ. ಲೇಖನಿ ನಿರಾಶೆಗೊಂಡ ಎಡೆಯಲ್ಲಿಯೂ ಕೈಗಳು ಪ್ರೀತಿಸಿದ್ದವು.

ಧಾರವಾಡದ ನೆರೆಯವರು

ನಮ್ಮ ಧಾರವಾಡ ಸೀಮೆಯ ಮಾತು ಬಂದಾಗ ಪ್ರೊಟೆಸ್ಟಂಟ್ ಸಹೋದರರನ್ನು ನೆನೆಯದಿರುವುದು ಕೃತಘ್ನತೆಯಾದೀತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. 1853ರಲ್ಲಿ ಭಾರತಕ್ಕೆ ಬಂದ ಫೆರ್ಡಿನಾಂಡ್ ಕಿಟ್ಟೆಲ್ ಮೊದಲು ಬಾಳಿದ್ದು ಈ ಧಾರವಾಡದಲ್ಲಿಯೇ. ಸಂತ ಪೌಲರು ಯೆಹೂದ್ಯರಿಗೆ ಯೆಹೂದ್ಯನಂತಾದ ಹಾಗೆ ತಾವೂ ಕನ್ನಡಿಗರಿಗೆ ಕನ್ನಡಿಗನಾಗಬೇಕೆಂಬುದು ತರುಣ ಕಿಟ್ಟೆಲರ ಆಸೆ. ಕಾಲ್ನಡಿಗೆಯಲ್ಲಿ ಹಳ್ಳಿಗಳನ್ನು ಸುತ್ತಿ ಜನರೊಡನೆ ಬೆರೆಯುವ ಅವರ ರೀತಿ ಮಿಶನ್ನಿನ ಹಿರಿಯರಿಗೆ ರುಚಿಸಲಿಲ್ಲ. ಆದರೆ ಅವರ ಹಂಬಲ ಬತ್ತಲಿಲ್ಲ. ಯೇಸುಕ್ರಿಸ್ತರ ಚರಿತ್ರೆಯನ್ನು 1862ರಲ್ಲಿ ಕನ್ನಡ ಛಂದಸ್ಸಿನ 'ಕಥಾಮಾಲೆ'ಯಾಗಿ ಹೊರತಂದರು. 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟನ್ನು ನಾಡಿಗಿತ್ತರು. ಇಂದಿಗೂ ಕನ್ನಡದ ವಿದ್ವಾಂಸರು ಯಾವ ಪಂಗಡದವರಾದರೂ ಆ ನಿಘಂಟನ್ನು ತೆರೆಯದೆ ಮುಂದೆ ಸಾಗುವಂತಿಲ್ಲ. ಶಿಷ್ಯನಾಗಿ ಕುಳಿತವನು ಕಡೆಗೆ ನಾಡಿಗೇ ಗುರುವಾದ ಬಗೆ ಇದು.

ಒಪ್ಪಬಾರದುದನ್ನು ಒಪ್ಪಿದಾಗ

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನವು ಸ್ತುತಿಪಾಠವಾಗುತ್ತದೆ, ಇತಿಹಾಸವಾಗುವುದಿಲ್ಲ. ನಾಡಿನ ರೀತಿನೀತಿಗಳೆಲ್ಲವನ್ನೂ ಒಪ್ಪಿಕೊಳ್ಳುವುದು ಸಾಧ್ಯವೆ? ಸಾಧುವೆ? ನಮ್ಮ ಹಿಂದಿನ ಗುರುಗಳು ಎಡವಿದುದು ಇಲ್ಲಿಯೇ. ಉಣ್ಣುವ ಎಲೆ, ಉಡುವ ಬಟ್ಟೆಗಳ ಜೊತೆಗೆ ಅವರು ಜಾತಿಯ ಗೋಡೆಯನ್ನೂ ನಾಡಿನ ಸಂಪ್ರದಾಯವೆಂದು ಒಪ್ಪಿಕೊಂಡರು. ಮದುರೆಯ ಮಿಶನ್ನಿನಲ್ಲಿ ಮೇಲುಜಾತಿಯವರ ನಡುವೆ ಬಾಳುವ ಸಂನ್ಯಾಸಿ ಗುರುಗಳೇ ಬೇರೆ, 1640ರಿಂದೀಚೆಗೆ ಇತರ ಜಾತಿಗಳವರ ಸೇವೆಗೆ ನಿಂತ ಪಂಡಾರ ಗುರುಗಳೇ ಬೇರೆ ಎಂದಾಯಿತು. ಒಂದೇ ಸಭೆಯ ಇಬ್ಬರು ಗುರುಗಳು ಹತ್ತು ಜನರೆದುರು ಒಟ್ಟಿಗೆ ಕುಳಿತು ಉಣ್ಣುವಂತಿರಲಿಲ್ಲ. ಅಸ್ಪೃಶ್ಯರೆನಿಸಿದವರು ಕಾಯಿಲೆ ಬಿದ್ದು ಕೊನೆಯುಸಿರೆಳೆಯುತ್ತಿದ್ದರೂ ಗುರುಗಳು ಅವರ ಗುಡಿಸಲೊಳಗೆ ಕಾಲಿಡಲು ಹಿಂಜರಿಯುತ್ತಿದ್ದರು. ರೋಗಿಯನ್ನೇ ಹೊರಗೆ ಹೊತ್ತು ತರಬೇಕಾಗಿತ್ತು.

ಜಗದ್ಗುರುಗಳ ಪ್ರತಿನಿಧಿಯಾಗಿ ಪಾಂಡಿಚೇರಿಗೆ ಬಂದಿದ್ದ ತುರ್ನೋನ್ ಅವರು 1704ರಲ್ಲಿ ಇದನ್ನು ಖಂಡಿಸಿ, ರೋಗಿಯು ಎಷ್ಟೇ ಕೀಳೆನಿಸಿದ ಜಾತಿಯವನಾಗಿರಲಿ ಅವನ ಮನೆಗೇ ಹೋಗಿ ಸಂಸ್ಕಾರಗಳನ್ನು ನೀಡತಕ್ಕದ್ದೆಂದು ವಿಧಿಸಿದರು. ವಾದವಿವಾದಗಳು ನಾಲ್ಕು ದಶಕ ನಡೆದವು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರು ಅಂತಿಮ ತೀರ್ಪನ್ನಿತ್ತು, ಮಲಬಾರ ಆಚರಣೆಗಳೆನಿಸಿದ್ದ ಹಲವು ಪದ್ಧತಿಗಳನ್ನು ನಿಷೇಧಿಸಿದರು. ಇಲ್ಲಿಗೆ ಬರುವ ಗುರುಗಳೆಲ್ಲರೂ ಆ ಆಜ್ಞೆಗೆ ಬದ್ಧರೆಂದು ಪ್ರತಿಜ್ಞೆ ಮಾಡಬೇಕಾಗಿತ್ತು. ಆ ಪ್ರತಿಜ್ಞೆ ತೆರವಾದುದು 1940ರಲ್ಲಿ. ಒಂದು ವಿಪರ್ಯಾಸವನ್ನು ಗಮನಿಸಬೇಕು. ನಿಷೇಧದಿಂದ ನಾಡಿನ ಎಷ್ಟೋ ನಿರ್ದೋಷವಾದ ಆಚಾರಗಳು ದೇವಾಲಯದಿಂದ ಹೊರಗುಳಿದವು. ಯಾವುದು ನಿಜವಾಗಿ ಹೊರಗೆ ಹೋಗಬೇಕಾಗಿತ್ತೋ ಆ ಜಾತಿಭೇದ ಮಾತ್ರ ಒಳಗೇ ಉಳಿಯಿತು. ಪಂಕ್ತಿಯಲ್ಲಿ, ಮದುವೆಯ ಮಾತುಕತೆಯಲ್ಲಿ, ಸ್ಮಶಾನದಲ್ಲಿ ಅದು ಇಂದಿಗೂ ತಲೆಯೆತ್ತುವುದನ್ನು ಬಲ್ಲ ನಾವು ಅಂದಿನ ಗುರುಗಳ ಮೇಲೆ ಮಾತ್ರ ತಪ್ಪು ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಆದುದರಿಂದ ಹೊಂದಿಕೊಳ್ಳುವುದಕ್ಕೂ ಒಂದು ಮೊರ ಬೇಕು. ಕಾಳನ್ನು ಉಳಿಸಿಕೊಂಡು ಹೊಟ್ಟನ್ನು ತೂರಬೇಕು. ನೆಲದ ಮೇಲೆ ಕುಳಿತು ಉಣ್ಣುವುದು ಕಾಳು. ಯಾರ ಪಕ್ಕದಲ್ಲಿ ಕುಳಿತು ಉಣ್ಣಬಾರದೆಂಬ ಕಟ್ಟಳೆ ಹೊಟ್ಟು.

ಮತ್ತೆ ತೆರೆದ ಬಾಗಿಲು

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರಿನಲ್ಲಿ ಹೊರಡಿಸಿದ ದೈವಾರಾಧನಾ ಸಂವಿಧಾನದಿಂದ ಜನಭಾಷೆಯು ಪೀಠವನ್ನೇರಿತು. ಅದುವರೆಗೆ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಬಲಿಪೂಜೆಯನ್ನು ಕನ್ನಡದಲ್ಲಿ ಕೇಳಿದ ಹಿರಿಯರು ತಮ್ಮ ಮಕ್ಕಳಿಗೆ ಅದನ್ನು ಹೇಳುತ್ತಿದ್ದುದುಂಟು. 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವು ಫಾದರ್ ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಆರಂಭವಾಯಿತು. 1969ರಲ್ಲಿ ಭಾರತದ ಪೂಜಾವಿಧಿಗೆ ಹನ್ನೆರಡು ಹೊಂದಾಣಿಕೆಗಳನ್ನು ರೋಮ್ ಅಂಗೀಕರಿಸಿತು. ಪಾದರಕ್ಷೆಯನ್ನು ಹೊರಗೆ ಬಿಡುವುದು, ನೆಲದ ಮೇಲೆ ಕುಳಿತುಕೊಳ್ಳುವುದು, ಕೈಮುಗಿದು ಶಾಂತಿಯನ್ನು ಕೋರುವುದು, ಪಂಚಾಂಗ ಪ್ರಣಾಮ, ಆರತಿ, ಎಣ್ಣೆಯ ದೀಪ ಮೊದಲಾದವು ಅವುಗಳಲ್ಲಿ ಸೇರಿದ್ದವು. ನಮ್ಮ ತಾಯಂದಿರು ಮನೆಯಲ್ಲಿ ದಿನವೂ ಮಾಡುತ್ತಿದ್ದ ಕೆಲಸಗಳೇ ಇವು. ಪೀಠದ ಬಳಿಗೆ ಬರಲು ಅವು ಎರಡು ಶತಮಾನಕ್ಕೂ ಮಿಕ್ಕಿ ಕಾಯಬೇಕಾಯಿತು.

ನಮ್ಮದೇ ಬೆಳಗಾವಿ ಧರ್ಮಕ್ಷೇತ್ರದಲ್ಲಿ, ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲಿಂಗಾಯತ ಮಠಗಳ ನಡುವೆ ಬಾಳುವ ಜನರಿಗೆ ಅರ್ಥವಾಗಲೆಂದು ಕಾವಿಯುಟ್ಟು, ಶಾಕಾಹಾರಿಗಳಾಗಿ, ಮಠದ ರೀತಿಯಲ್ಲಿಯೇ ದೇವಾಲಯವನ್ನು ಕಟ್ಟಿ ಅದನ್ನು ಸ್ನಾನಿಕ ಅರುಳಪ್ಪನ ವಿರಕ್ತಮಠವೆಂದು ಕರೆದರು. ಅಡವಿಯಲ್ಲಿ ವಿರಕ್ತನಾಗಿ ಬಾಳಿದ ಸ್ನಾನಿಕ ಅರುಳಪ್ಪನ ಹೆಸರು ವಿರಕ್ತಮಠಕ್ಕೆ ಒಪ್ಪುವ ಹೆಸರೇ ಸರಿ. 2019ರಲ್ಲಿ ಬೆಳಗಾವಿಯ ಧರ್ಮಾಧ್ಯಕ್ಷರು ಅಲ್ಲಿ ಕಾವಿ ಧರಿಸಿದ ಚಿತ್ರಗಳು ಪ್ರಚಾರವಾದಾಗ ದೇಶದ ಹಲವೆಡೆ ಟೀಕೆಗಳು ಕೇಳಿಬಂದವು. ಇದು ಧರ್ಮದ ಕಲಬೆರಕೆಯೆಂದು ಕೆಲವರು, ಜನರನ್ನು ಮರುಳುಗೊಳಿಸುವ ಉಪಾಯವೆಂದು ಕೆಲವರು ಆಕ್ಷೇಪಿಸಿದರು. ನಾನೂರು ವರ್ಷಗಳ ಹಿಂದೆ ದೆ ನೊಬಿಲಿಯವರು ಕೇಳಿದುದೂ ಇವೇ ಎರಡು ಮಾತುಗಳು.

ಈ ಎರಡಕ್ಕೂ ಉತ್ತರವಿರುವುದು ಬಟ್ಟೆಯಲ್ಲಲ್ಲ, ಬಾಳಿನಲ್ಲಿ. ವೇಷವೆಂದರೆ ಕೆಲಸ ಮುಗಿದೊಡನೆ ಕಳಚಿಡುವಂಥದು. ವ್ರತವೆಂದರೆ ಯಾರೂ ನೋಡದಾಗಲೂ ಉಳಿಯುವಂಥದು. ಬರಗಾಲದಲ್ಲಿ ನೆರೆಯವರೊಡನೆ ಅರೆಹೊಟ್ಟೆ ಉಂಡವರನ್ನು, ಸತ್ತ ಮನೆಯಲ್ಲಿ ರಾತ್ರಿಯಿಡೀ ಕುಳಿತವರನ್ನು, ಮುಪ್ಪಿನಲ್ಲಿಯೂ ತಾಯ್ನಾಡಿಗೆ ಮರಳದೆ ಇಲ್ಲಿಯ ಮಣ್ಣಿನಲ್ಲಿಯೇ ಮಲಗಿದವರನ್ನು ವೇಷಧಾರಿಗಳೆಂದು ಯಾರೂ ಕರೆಯಲಾರರು.

ಗುರುಗಳಿಗೆ ಗುರುಗಳಾದವರು

ಕಡೆಯದಾಗಿ ಒಂದು ಋಣವನ್ನು ನೆನೆಯಬೇಕು. ಮಿಶನರಿಗಳು ನಮ್ಮ ಹಿರಿಯರಿಗೆ ಅಕ್ಷರ ಕಲಿಸಿದರು, ಔಷಧಿ ಕೊಟ್ಟರು, ಎಲ್ಲಕ್ಕಿಂತ ಮಿಗಿಲಾಗಿ ಶುಭಸಂದೇಶವನ್ನು ಸಾರಿದರು. ಆದರೆ ಅವರಿಗೆ ಕಲಿಸಿದವರಾರು? ಹಳ್ಳಿಯ ದಾರಿ ತೋರಿಸಿ, ಯಾರ ಮನೆಯಲ್ಲಿ ಹೇಗೆ ಮಾತನಾಡಬೇಕೆಂದು ಕಿವಿಯಲ್ಲುಸುರಿದ ಉಪದೇಶಿಗಳು. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದುವುದನ್ನು ತೋರಿಸಿಕೊಟ್ಟ ಅಡಿಗೆಯ ಅಜ್ಜಿಯರು. ಬಂದವರಿಗೆ ಕಂಬಳಿ ಹಾಸಿ, ತಂಬಿಗೆಯ ನೀರು, ಬೆಲ್ಲದ ಚೂರು ಕೊಟ್ಟು ಉಪಚರಿಸಿದ, ನಮ್ಮ ಧರ್ಮದವರಲ್ಲದ ನೆರೆಹೊರೆಯವರು. ಯಾವ ಶಿಲಾಫಲಕದಲ್ಲಿಯೂ ಇವರ ಹೆಸರಿಲ್ಲ. ದೇವಪುತ್ರರಾದ ಯೇಸುಸ್ವಾಮಿಯವರೂ ಮೂವತ್ತು ವರ್ಷ ನಜರೇತಿನಲ್ಲಿ ಬಾಳಿ, ಮಾತನ್ನು ತಾಯಿಯಿಂದ, ಕಸುಬನ್ನು ಸಾಕುತಂದೆಯಿಂದ ಕಲಿತರಲ್ಲವೆ? ಬೋಧಿಸಿದುದು ಕಡೆಯ ಮೂರು ವರ್ಷ ಮಾತ್ರ. ಅವರನ್ನು ಸಾರಲು ಬಂದವರಿಗೂ ಅದೇ ಕ್ರಮ ವಿಹಿತ.

ಇಂದು ಕಾಲ ತಿರುಗಿದೆ. ಕನ್ನಡ ನಾಡಿನ ಗುರುಗಳೂ ಧರ್ಮಭಗಿನಿಯರೂ ಉತ್ತರ ಭಾರತಕ್ಕೆ, ಆಫ್ರಿಕಕ್ಕೆ, ಯುರೋಪಿಗೇ ಸೇವೆಗೆಂದು ಹೋಗುತ್ತಿದ್ದಾರೆ. ಅಲ್ಲಿಯ ಚಳಿ, ಅಲ್ಲಿಯ ಊಟ, ಅಲ್ಲಿಯ ಮಾತು ಅವರಿಗೆ ಹೊಸತು. ಅವರಿಗೆ ನಾವು ಕಟ್ಟಿಕೊಡಬೇಕಾದ ಬುತ್ತಿ ಈ ಇತಿಹಾಸವೇ. ಇತ್ತ ನಮ್ಮೂರುಗಳಿಗೂ ಬೇರೆ ರಾಜ್ಯಗಳಿಂದ ದುಡಿಯಲು ಬಂದ ಕುಟುಂಬಗಳು ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತವೆ. ಅವರಿಗೆ ಕಂಬಳಿ ಹಾಸುವವರು ಯಾರು?

ಕಲಘಟಗಿಯ ತೊಟ್ಟಿಲಲ್ಲಿ ಮಲಗುವ ಕೂಸು ಯಾರ ಮನೆಯದೆಂದು ತೊಟ್ಟಿಲು ಕೇಳುವುದಿಲ್ಲ. ಮುಂದಿನ ಕ್ರಿಸ್ತಜಯಂತಿಯಂದು ನಮ್ಮ ಗೋದಲಿಯಲ್ಲಿ ಬಾಲಯೇಸುವನ್ನು ಅಂಥದೊಂದು ತೊಟ್ಟಿಲಲ್ಲಿ ಮಲಗಿಸಿದರೆ ಚೆನ್ನ. ಪರನಾಡಿನಿಂದ ಬಂದು ಮನೆಯವರಾದ ಗುರುಗಳೆಲ್ಲರನ್ನೂ, ಅವರನ್ನು ಮನೆಯವರನ್ನಾಗಿ ಮಾಡಿಕೊಂಡ ಹೆಸರಿಲ್ಲದ ಹಿರಿಯರೆಲ್ಲರನ್ನೂ ಸರ್ವೇಶ್ವರನು ತನ್ನ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂಡಿಸಲಿ. ಬರುವ ನೂರು ವರ್ಷಗಳಲ್ಲಿ ನಮ್ಮ ಹೊಸ್ತಿಲು ಯಾರಿಗೂ ಎತ್ತರವೆನಿಸದಿರಲಿ ಎಂದು ಪ್ರಾರ್ಥಿಸೋಣ.